ಒಂದೇ ಬಿಲದಲ್ಲಿ ನಾಲ್ಕು ದಶಕ

ಜೇಡವೆಂದೊಡನೆ ನಮ್ಮ ಕಣ್ಮುಂದೆ ಬರುವುದು ಮೂಲೆಯಲ್ಲಿ ತೂಗುವ ಬಲೆ. ಆದರೆ ನೆಲದಲ್ಲಿ ಬಿಲ ತೋಡಿ, ಅದರ ಬಾಯಿಗೆ ಮಣ್ಣು ಮತ್ತು ನೂಲಿನ ಮುಚ್ಚಳ ಹೊಂದಿಸಿಕೊಂಡು ವಾಸಿಸುವ ಜೇಡಗಳೂ ಇವೆ. ಇವುಗಳಿಗೆ ಟ್ರ್ಯಾಪ್‌ಡೋರ್ ಜೇಡಗಳೆಂದು ಹೆಸರು. ಪಶ್ಚಿಮ ಆಸ್ಟ್ರೇಲಿಯದ ‘ಗಾಯಸ್ ವಿಲ್ಲೋಸಸ್’ ಅಂತಹ ಒಂದು ಪ್ರಭೇದ. ಮುಚ್ಚಳದ ಮರೆಯಲ್ಲಿ ಹೊಂಚುಹಾಕಿ, ಹತ್ತಿರ ಸುಳಿದ ಕೀಟವನ್ನು ಅದು ಥಟ್ಟನೆ ಹಿಡಿಯುತ್ತದೆ.

ಪ್ರಾಯಕ್ಕೆ ಬಂದ ಗಂಡು ಸಂಗಾತಿಯನ್ನರಸಿ ಬಿಲ ತೊರೆಯುತ್ತದೆ. ಹೆಣ್ಣಾದರೋ, ಮರಿಯಾಗಿದ್ದಾಗ ತೋಡಿದ ಬಿಲವನ್ನೇ ಹಿಗ್ಗಿಸುತ್ತ ಜೀವಮಾನವೆಲ್ಲ ಅಲ್ಲಿಯೇ ಕಳೆಯುತ್ತದೆ. ಆದ್ದರಿಂದ ಬಿಲವನ್ನು ಗುರುತಿಸಿದರೆ ಜೇಡವನ್ನೇ ಗುರುತಿಸಿದಂತೆ. ಈ ಗುಣವನ್ನರಿತ ವಿಜ್ಞಾನಿ ಬಾರ್ಬರಾ ಯಾರ್ಕ್ ಮೇನ್ 1974ರಲ್ಲಿ ನಾರ್ತ್ ಬಂಗುಲ್ಲಾ ರಕ್ಷಿತ ಪ್ರದೇಶದ ಬಿಲಗಳಿಗೆ ಸಂಖ್ಯೆ ಕೊಟ್ಟು ಅಧ್ಯಯನ ಆರಂಭಿಸಿದರು. ಅವುಗಳಲ್ಲಿ 16ನೆಯ ಸಂಖ್ಯೆಯ ಹೆಣ್ಣುಜೇಡ 43 ವರ್ಷ ಬಾಳಿತು. 2016ರಲ್ಲಿ ನೋಡಿದಾಗ ಬಿಲ ಬರಿದಾಗಿತ್ತು. ಪರೋಪಜೀವಿ ಕಣಜವೊಂದು ಮುಚ್ಚಳವನ್ನು ಕೊರೆದಿತ್ತು.

ಆ ಸೀಮೆಯ ಕಾಡುಭೂಮಿಯ ಬಹುಭಾಗ ಇಂದು ಗೋಧಿಯ ಹೊಲ. ಉಳಿದ ಕಾಡಿನ ತುಣುಕುಗಳಲ್ಲೇ ಇಂತಹ ಬಿಲಗಳಿಗೆ ನೆಲೆ. ಸ್ಥಳ ಬದಲಿಸದೆ ಬಾಳುವ ಜೀವಿಯನ್ನು ಉಳಿಸಬೇಕಾದರೆ, ಅದು ನೆಲೆಸಿದ ಮಣ್ಣನ್ನು ಕದಡದೆ ಬಿಡುವುದನ್ನು ನಾವು ಕಲಿಯಬೇಕು.