ಟಕ್ ಎಂದಿತು, ಕೋಣೆ ಕದಲಲಿಲ್ಲ

ಚಳಿಗಾಲ ಬಂದರೆ ಅಮೆರಿಕದ ಅರಿಝೋನಾ ರಾಜ್ಯದ ಕ್ವಾರ್ಟ್ಜ್‌ಸೈಟ್ ಎಂಬ ಪುಟ್ಟ ಊರಿನ ಸುತ್ತಲ ಮರುಭೂಮಿಯಲ್ಲಿ ಸಾವಿರಾರು ಮನೆಗಳು ಬಂದು ನಿಲ್ಲುತ್ತವೆ. ಎಲ್ಲವೂ ಚಕ್ರದ ಮೇಲಿನ ಮನೆಗಳು. ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಈ ಬಸ್ಸುಗಳಿಗೆ ಅಲ್ಲಿ ಆರ್‌ವಿ ಎಂದು ಹೆಸರು. ಉತ್ತರದ ಹಿಮಕ್ಕೆ ಹೆದರಿ ಬರುವ ನಿವೃತ್ತ ದಂಪತಿಗಳದ್ದೇ ದೊಡ್ಡ ಸಂಖ್ಯೆ. ಗಾಡಿ ನಿಲ್ಲಿಸಿ ಗುಂಡಿ ಒತ್ತಿದರೆ ಸೋಫಾ, ಊಟದ ಮೇಜಿನ ಸಮೇತ ಇಡೀ ಒಂದು ಗೋಡೆ ಡ್ರಾಯರ್ ಎಳೆದಂತೆ ಹೊರಕ್ಕೆ ಸರಿಯುತ್ತದೆ. ಇದೇ ಸ್ಲೈಡ್-ಔಟ್. ಒಂದು ದಿನ ಗುಂಡಿ ಒತ್ತಿದಾಗ ಎಲ್ಲಿಂದಲೋ ‘ಟಕ್’ ಎಂದು ಸದ್ದು ಬರುತ್ತದೆ, ಗೋಡೆ ಇದ್ದಲ್ಲೇ ಇರುತ್ತದೆ. ಇಪ್ಪತ್ತು ವರ್ಷ ದಾಟಿದ ಆರ್‌ವಿ ಇಟ್ಟುಕೊಂಡವರಿಗೆ ಆ ಟಕ್ ಚಿರಪರಿಚಿತ.

ಅಮೆರಿಕದ ರಸ್ತೆಗಳಲ್ಲಿ ಗಾಡಿಯ ಅಗಲ ಸಾಮಾನ್ಯವಾಗಿ ಎಂಟೂವರೆ ಅಡಿ ಮೀರುವಂತಿಲ್ಲ. ಅಷ್ಟರಲ್ಲಿ ಅಡುಗೆಮನೆಯೂ ಆಗಬೇಕು, ಕಾಲು ಚಾಚಲು ಜಾಗವೂ ಉಳಿಯಬೇಕು. ಓಡುವಾಗ ಕಾನೂನಿನ ಅಗಲ, ನಿಂತಾಗ ಮನೆಯ ಅಗಲ ಎಂಬ ಉಪಾಯವನ್ನು 1990ರ ಸುಮಾರಿಗೆ ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪನಿ ಮಾರುಕಟ್ಟೆಗೆ ತಂದಿತು. ಉಳಿದವರು ಹಿಂಬಾಲಿಸಿದರು. ಕೆಲವರು ವಿದ್ಯುತ್ ಮೋಟಾರು ಮತ್ತು ಹಲ್ಲುಚಕ್ರ ಬಳಸಿದರು. ಭಾರದ ಕೋಣೆಗಳಿಗೆ ಹೈಡ್ರಾಲಿಕ್ಸ್ ಬಂತು.

ಹೈಡ್ರಾಲಿಕ್ಸ್ ನಮಗೂ ಹೊಸದಲ್ಲ. ಟಿಪ್ಪರ್ ಲಾರಿ ಬೆನ್ನೆತ್ತಿ ಜಲ್ಲಿ ಸುರಿಯುವುದೂ, ಜೆಸಿಬಿ ತೋಳು ಚಾಚುವುದೂ ಇದೇ ವಿದ್ಯೆ. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಪಾಸ್ಕಲ್ ಹೇಳಿದ. 1795ರಲ್ಲಿ ಜೋಸೆಫ್ ಬ್ರಾಮಾ ಅದನ್ನೇ ಒತ್ತುಯಂತ ಮಾಡಿ ಪೇಟೆಂಟ್ ಪಡೆದ. ಲೆಕ್ಕ ಸುಲಭ. ನಾಲ್ಕು ಸೆಂಟಿಮೀಟರ್ ವ್ಯಾಸದ ಪಿಸ್ಟನ್ನಿನ ಮುಖ ಸುಮಾರು ಹನ್ನೆರಡೂವರೆ ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ ನೂರು ಕಿಲೊ ಒತ್ತಡದ ಆಯಿಲ್ ಅದರ ಹಿಂದೆ ನುಗ್ಗಿದರೆ ಒಂದೂಕಾಲು ಟನ್ ಬಲ. ಕೈಮುಷ್ಟಿಗಿಂತ ಸಣ್ಣ ಪಿಸ್ಟನ್ ಒಂದು ಕೋಣೆಯನ್ನು ತಳ್ಳುವ ಗುಟ್ಟು ಇಷ್ಟೇ. ಅನೇಕ ಆರ್‌ವಿಗಳಲ್ಲಿ ಈ ಆಯಿಲ್ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಅದೇ ಕೆಂಪು ಎಣ್ಣೆ. ಸೋರಿದರೆ ನೆಲದ ಮೇಲೆ ಕುಂಕುಮ ಕಲಸಿ ಚೆಲ್ಲಿದಂತೆ ಕಾಣುತ್ತದೆ, ಹುಡುಕುವ ಕಷ್ಟವಿಲ್ಲ.

ಆ ಒತ್ತಡ ಹುಟ್ಟಿಸುವುದು ಒಂದು ಚಿಕ್ಕ ಪಂಪು, ಪಂಪನ್ನು ತಿರುಗಿಸುವುದು 12 ವೋಲ್ಟಿನ ಮೋಟಾರು. ಕೋಣೆ ಕದಲದಿದ್ದಾಗ ಜನ ಮೊದಲು ಅನುಮಾನಿಸುವುದು ಆಯಿಲ್, ಸಿಲಿಂಡರ್, ಪಂಪುಗಳನ್ನೇ, ಏಕೆಂದರೆ ಭಾರದ ಕೆಲಸ ಮಾಡುವವು ಅವೇ. ನನ್ನ ಮಟ್ಟಿಗೆ ಹಳೆಯ ಗಾಡಿಯಲ್ಲಿ ಮೊದಲ ಆರೋಪಿ ಬ್ಯಾಟರಿ. ಎರಡನೆಯದು ಅದರ ತಂತಿಯ ತುದಿಯಲ್ಲಿರುವ ಬೋಲ್ಟು.

ಕಾರಣ ವೋಲ್ಟೇಜಿನಲ್ಲಿದೆ. ಭಾರ ಎಳೆಯುವಾಗ ಇಂಥ ಮೋಟಾರು 120 ಆಂಪಿಯರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. 12ರಿಂದ ಗುಣಿಸಿದರೆ 1,440 ವಾಟ್, ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಗಿಂತ ಸ್ವಲ್ಪ ಹೆಚ್ಚು. ಆದರೆ 230 ವೋಲ್ಟಿನ ನಮ್ಮ ಮನೆಯಲ್ಲಿ ಅಷ್ಟೇ ಶಕ್ತಿಗೆ ಆರು ಆಂಪಿಯರ್ ಚಿಲ್ಲರೆ ಸಾಕು. ಆರ್‌ವಿಯಲ್ಲಿ ಅದರ ಹತ್ತೊಂಬತ್ತು ಪಟ್ಟು ಹರಿಯಬೇಕು. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದೇ ತಂತಿಯಲ್ಲಿ ನಷ್ಟ ಮುನ್ನೂರೈವತ್ತು ಪಟ್ಟಿಗೂ ಮೀರುತ್ತದೆ. ಇನ್ನು ಬ್ಯಾಟರಿ ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಹಿಟ್ಟು ಬೆಳೆದು ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಹುಟ್ಟಿತೆನ್ನಿ. 120 ಆಂಪಿಯರಿಗೆ ಅಲ್ಲೇ 1.2 ವೋಲ್ಟ್ ಕಳೆದುಹೋಯಿತು, ಆ ಒಂದು ಬೋಲ್ಟಿನಲ್ಲಿ 144 ವಾಟ್ ಶಾಖ ಹುಟ್ಟಿತು. ಮೋಟಾರಿಗೆ ಸೇರಬೇಕಾದ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ದಾರಿಯಲ್ಲೇ ಖರ್ಚು. ಇಂಥ ಕೊಳೆತ ಜಾಯಿಂಟುಗಳು ಎರಡು ಮೂರು ಇದ್ದರೆ ಮೋಟಾರು ತಿಣುಕುತ್ತದೆ, ಮುಂದೆ ಹೋಗುವುದಿಲ್ಲ.

ಆ ‘ಟಕ್’ ಸದ್ದು ಸೊಲೆನಾಯ್ಡಿನದು. ಗುಂಡಿಯ ಸಣ್ಣ ಕರೆಂಟು ಒಂದು ವಿದ್ಯುತ್ಕಾಂತವನ್ನು ಎಬ್ಬಿಸುತ್ತದೆ, ಅದು ದಪ್ಪ ತಂತಿಗಳ ಬಾಗಿಲು ತೆರೆಯುತ್ತದೆ. ಸೊಲೆನಾಯ್ಡಿಗೆ ಬೇಕಾದ ಚೂರು ಕರೆಂಟನ್ನು ಸಾಯುವ ಬ್ಯಾಟರಿಯೂ ಕೊಡಬಲ್ಲದು. ನಮ್ಮ ಹಳೆ ಕಾರುಗಳಲ್ಲಿ ಸೆಲ್ಫ್ ಹೊಡೆದಾಗ ಟಕ್ ಟಕ್ ಎಂದು ಎಂಜಿನ್ ಸುಮ್ಮನಿರುವುದಿಲ್ಲವೇ, ಅದೇ ಕಥೆ. ಟಕ್ ಕೇಳಿಸಿ ಮೋಟಾರು ತಿರುಗದಿದ್ದರೆ ಬ್ಯಾಟರಿ, ತಂತಿ, ಸೊಲೆನಾಯ್ಡಿನೊಳಗಿನ ಸುಟ್ಟ ತಾಮ್ರ, ಮೋಟಾರಿನ ಸವೆದ ಬ್ರಷ್ ಇವುಗಳಲ್ಲೊಂದು. ಮೋಟಾರು ಗುಂಯ್‌ಗುಟ್ಟಿಯೂ ಕೋಣೆ ಕದಲದಿದ್ದರೆ ಮಾತ್ರ ಆಯಿಲಿನ ಕಡೆ ತಿರುಗಬೇಕು. ಟ್ಯಾಂಕು ಬರಿದಾಗಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು, ವಾಲ್ವ್ ಕಚ್ಚಿಕೊಂಡಿರಬಹುದು. ಆಯಿಲ್ ಮಟ್ಟವನ್ನು ಸಾಮಾನ್ಯವಾಗಿ ಎಲ್ಲ ಕೋಣೆಗಳೂ ಒಳಗಿದ್ದಾಗಲೇ ನೋಡಬೇಕು. ಕೋಣೆ ಹೊರಗಿರುವಾಗ ಟ್ಯಾಂಕು ತುಂಬಿಸಿದವರು, ಒಳಗೆಳೆದಾಗ ಸಿಲಿಂಡರಿನಿಂದ ಮರಳಿದ ಎಣ್ಣೆ ಉಕ್ಕಿ ಹರಿದದ್ದನ್ನು ಒರೆಸುತ್ತ ಕೂರುತ್ತಾರೆ.

ಬ್ಯಾಟರಿ ಸುಳ್ಳು ಹೇಳುವ ಕಲೆಯಲ್ಲಿ ಪಳಗಿದ್ದು. ತುಂಬಿದ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಅರ್ಧ ಖಾಲಿಯಾದದ್ದು ಸುಮಾರು 12.2. ವ್ಯತ್ಯಾಸ ಅರ್ಧ ವೋಲ್ಟೂ ಇಲ್ಲ. ಇಷ್ಟು ಸಾಲದೆಂಬಂತೆ, ಒಳಗಿನ ತಗಡುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತ ಮುದಿ ಬ್ಯಾಟರಿಯೂ ಚಾರ್ಜರ್ ತೆಗೆದ ಮೇಲೆ ಕೆಲ ಹೊತ್ತು 12.6 ಎಂದೇ ಹೇಳುತ್ತದೆ. ಗುಂಡಿ ಒತ್ತಿದ ಕ್ಷಣ ಒಂಬತ್ತಕ್ಕೋ ಹತ್ತಕ್ಕೋ ಕುಸಿಯುತ್ತದೆ. ಹಾಗಾಗಿ ಒಬ್ಬರು ಗುಂಡಿ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಮಲ್ಟಿಮೀಟರಿನಲ್ಲಿ ನೋಡಬೇಕು. ಬ್ಯಾಟರಿಯ ಬಳಿ 12ರ ಆಸುಪಾಸು, ಮೋಟಾರಿನ ಬಳಿ 10 ಬಂದರೆ ಬ್ಯಾಟರಿ ನಿರಪರಾಧಿ, ತಂತಿ ಕಳ್ಳ. ಓಮ್ ಅಳೆದು ಕಳ್ಳನನ್ನು ಹಿಡಿಯುತ್ತೇನೆ ಎಂದು ಹೊರಟರೆ ಆಗದು. ನೂರನೇ ಒಂದು ಓಮ್ ಸಾಮಾನ್ಯ ಮೀಟರಿಗೆ ನಿಲುಕುವುದಿಲ್ಲ, ಅದರ ಸ್ವಂತ ತಂತಿಗಳ ತಡೆಯೇ ಅದಕ್ಕಿಂತ ಹೆಚ್ಚು. ಭಾರ ಹಾಕಿಯೇ ನೋಡಬೇಕು. ಪ್ಲಸ್ ತಂತಿಯ ಎರಡು ತುದಿಗೆ ಮೀಟರಿನ ಎರಡು ಕಡ್ಡಿ ಇಟ್ಟು ಗುಂಡಿ ಒತ್ತಿದಾಗ ವೋಲ್ಟಿನ ಕೆಲವೇ ದಶಾಂಶಕ್ಕಿಂತ ಹೆಚ್ಚು ತೋರಿಸಿದರೆ ಅಲ್ಲಿ ತೊಂದರೆಯಿದೆ. ಹಾಗೆಯೇ ಮೈನಸ್ ಕಡೆಗೂ. ಚಾಸಿಗೆ ಬಿಗಿದ ಅರ್ಥ್ ಬೋಲ್ಟು ಮಳೆ, ಹಿಮ, ರಸ್ತೆಯ ಉಪ್ಪು ಎಲ್ಲ ತಿಂದು ಬಣ್ಣದಡಿ ತುಕ್ಕು ಹಿಡಿದಿರುತ್ತದೆ. ಅದನ್ನು ಬಗ್ಗಿ ನೋಡುವವರು ಕಡಿಮೆ.

ಇನ್ನೊಂದು ಭ್ರಮೆ ಬಹಳ ಜನರಿಗಿದೆ. ಗಾಡಿಯನ್ನು ಕ್ಯಾಂಪಿನ ಕರೆಂಟಿಗೆ ಜೋಡಿಸಿದ್ದೇನೆ, ಬ್ಯಾಟರಿ ಸತ್ತರೇನು ಎಂದು. ಹೊರಗಿನ 120 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಳೆ ಗಾಡಿಗಳಲ್ಲಿ 45, 55 ಆಂಪಿಯರಿನದು. ಪಂಪು ಕೇಳುವುದು ಅದರ ಎರಡು ಪಟ್ಟು. ಓವರ್‌ಹೆಡ್ ಟ್ಯಾಂಕಿಗೆ ಸಣ್ಣ ನಲ್ಲಿಯಿಂದ ನೀರು ತುಂಬುವಂತೆ ಕನ್ವರ್ಟರ್ ನಿಧಾನಕ್ಕೆ ತುಂಬಿಸುತ್ತದೆ, ಒಮ್ಮೆಗೇ ಸುರಿಯುವುದು ಬ್ಯಾಟರಿಯೇ. ಟ್ಯಾಂಕಿಗೆ ತೂತು ಬಿದ್ದಿದ್ದರೆ ನಲ್ಲಿ ಎಷ್ಟು ಹೊತ್ತು ಬಿಟ್ಟರೂ ಅಷ್ಟೇ. ದುಡ್ಡು ಉಳಿಸಲು ಕಾರಿನ ಬ್ಯಾಟರಿ ತಂದು ಕೂರಿಸುವುದೂ ತಪ್ಪು. ಅದರ ತಗಡುಗಳು ತೆಳ್ಳಗಿರುತ್ತವೆ, ಕ್ಷಣಕಾಲ ಜೋರಾಗಿ ಕೊಟ್ಟು ತಕ್ಷಣ ತುಂಬಿಕೊಳ್ಳಲು ಮಾಡಿದ್ದು. ರಾತ್ರಿಯಿಡೀ ದೀಪ, ಹೀಟರಿನ ಫ್ಯಾನು ಓಡಿಸಿ ಬರಿದಾಗುವುದು ಅದರ ಜಾಯಮಾನವಲ್ಲ. ದಪ್ಪ ತಗಡಿನ ಡೀಪ್-ಸೈಕಲ್ ಬ್ಯಾಟರಿಯೇ ಬೇಕು. ನೀರು ಹಾಕುವ ಬಗೆಯದಾದರೆ ಅದಕ್ಕೂ ನಮ್ಮ ಇನ್ವರ್ಟರ್ ಬ್ಯಾಟರಿಯಂತೆ ಆಗಾಗ ಡಿಸ್ಟಿಲ್ಡ್ ವಾಟರ್ ಬೇಕು.

ತೊಂದರೆ ಆಯಿಲಿನ ಕಡೆಯೇ ಇದ್ದು ಪೈಪು ಸೋರುತ್ತಿದ್ದರೆ ಕೈಯಿಂದ ತಡವಿ ತೂತು ಹುಡುಕಬೇಡಿ. ಸೂಜಿಮೊನೆಯ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಕ್ಕರೆ ನೋವು ಮೊದಲು ಅಷ್ಟಾಗಿ ಇರುವುದಿಲ್ಲ, ಆದರೆ ಬೆರಳು ಉಳಿಸಿಕೊಳ್ಳಲು ತಕ್ಷಣ ಶಸ್ತ್ರಚಿಕಿತ್ಸೆ ಆಗಬೇಕು. ರಟ್ಟಿನ ತುಂಡು ಹಿಡಿದು ನೋಡಿ.

ಎಲ್ಲ ಕೈಕೊಟ್ಟು, ಹೊರಚಾಚಿದ ಕೋಣೆಯೊಂದಿಗೆ ರಸ್ತೆಗಿಳಿಯಲಾಗದೆ ಸಿಕ್ಕಿಬಿದ್ದರೆ? ಅನೇಕ ಪಂಪುಗಳ ಮೋಟಾರಿನ ತುದಿಯಲ್ಲಿ ಒಂದು ಮುಚ್ಚಳ ಇರುತ್ತದೆ. ಅದನ್ನು ತೆಗೆದು, ಗಾಡಿಯ ಕೈಪಿಡಿ ಹೇಳುವಂತೆ ವಾಲ್ವ್ ಹೊಂದಿಸಿ, ಡ್ರಿಲ್ ಸಿಕ್ಕಿಸಿ ತಿರುಗಿಸಿದರೆ ಕೋಣೆ ನಿಧಾನಕ್ಕೆ ಒಳಬರುತ್ತದೆ. ಅಮೆರಿಕದಲ್ಲಿ ಹಳೆ ಆರ್‌ವಿ ಕೊಳ್ಳುವ ಯೋಚನೆಯಲ್ಲಿರುವ ನಮ್ಮವರಿಗೆ ಒಂದು ಮಾತು: ಆ ಡ್ರಿಲ್ಲನ್ನು ಸೋಫಾದ ಕೆಳಗಿನ ಡ್ರಾಯರಿನಲ್ಲಿ ಇಡಬೇಡಿ. ಕೋಣೆ ಒಳಗೇ ಸಿಕ್ಕಿಕೊಂಡ ದಿನ ಆ ಡ್ರಾಯರ್ ತೆರೆಯಲು ಜಾಗವಿರುವುದಿಲ್ಲ. ಹೊರಗಿನಿಂದ ತೆರೆಯುವ ಡಿಕ್ಕಿಯಲ್ಲಿಡಿ, ಅದರ ಬ್ಯಾಟರಿಯನ್ನೂ ಚಾರ್ಜ್ ಮಾಡಿಡಿ.