ಸಂಭೂಯಪ್ರಯಾಣದಲ್ಲಿ ಅಂಶವಿಭಾಗ

ಅನೇಕ ರಾಜರು ಒಡಗೂಡಿ ದಂಡೆತ್ತಿ ಹೋಗುವುದಕ್ಕೆ ಕೌಟಿಲ್ಯನು ಸಂಭೂಯಪ್ರಯಾಣವೆಂದು ಹೆಸರಿಟ್ಟಿರುವನು. ಅರ್ಥಶಾಸ್ತ್ರದ 7ನೆಯ ಅಧಿಕರಣದಲ್ಲಿ ಅಂಶವಿಭಾಗಕ್ಕೆ ನಾಲ್ಕು ಮಾನಗಳು ಹೇಳಲ್ಪಟ್ಟಿವೆ: ಕಳುಹಿಸಿದ ಸೈನ್ಯ, ಪಟ್ಟ ಪ್ರಯಾಸ, ಕೈಗೆ ಸಿಕ್ಕ ಕೊಳ್ಳೆ, ಹಾಕಿದ ದ್ರವ್ಯ. ಇವುಗಳಲ್ಲಿ ಪ್ರಯಾಸಾನುಸಾರವಾದುದೇ ಉತ್ತಮವೆಂದು ಅವನ ಮತ. ಸೈನ್ಯವು ಬಂದಮಾತ್ರಕ್ಕೆ ಕಾದಿತೆಂದಾಗದಷ್ಟೆ.

1790ರಲ್ಲಿ ಟೀಪೂ ಸುಲ್ತಾನನ ಮೇಲೆ ಕೂಡಿದ ಆಂಗ್ಲ ಕಂಪೆನಿ, ನಿಜಾಮ, ಪೇಶ್ವೆ ಈ ಮೂವರು ಮೇಲಣ ಮಾನಗಳನ್ನು ಹಿಡಿಯದೆ ಸಮಪಾಲನ್ನು ಮೊದಲೇ ಗೊತ್ತುಮಾಡಿಕೊಂಡರು. 1792ರ ಶ್ರೀರಂಗಪಟ್ಟಣದ ಸಂಧಿಯಿಂದ ದೊರೆತ ಅರ್ಧರಾಜ್ಯವು ಹಾಗೆಯೇ ಹಂಚಲ್ಪಟ್ಟಿತು. ಇಂತಹ ಮುನ್ನಿಶ್ಚಯವು ಪ್ರಯಾಸವನ್ನು ತೂಗುವ ಕಲಹವನ್ನು ತಪ್ಪಿಸುವುದು ದಿಟ. ಆದರೆ 1795ರಲ್ಲಿ ಮರಾಠರು ಖರ್ಡಾದಲ್ಲಿ ನಿಜಾಮನನ್ನು ಸೋಲಿಸಿದಾಗ ಕಂಪೆನಿಯು ತಟಸ್ಥವಾಗಿದ್ದಿತು. ಸಮಪಾಲು ಲಾಭವನ್ನು ಹಂಚಬಲ್ಲುದಲ್ಲದೆ ಮೈತ್ರಿಯನ್ನು ಉಳಿಸಲಾರದೆಂಬುದು ಇದರಿಂದ ವಿದಿತವಾಗುವುದು.