ಯಾವ ಅಪಘಾತಕ್ಕೆ ಯಾವ ಹೆಲ್ಮೆಟ್

ಬೆಂಗಳೂರಿನಿಂದ ನಸುಕಿನಲ್ಲೇ ಹೊರಟು, ಚೆನ್ನೈ ಹೊರವಲಯದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ತಮ್ಮದೇ ಪೋಲೋವನ್ನೋ ಸ್ವಿಫ್ಟನ್ನೋ ಕೈಕಾಲು ದಣಿಯುವಷ್ಟು ಓಡಿಸಿ ಮರಳುವವರು ಈಗ ಅಪರೂಪವಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ಗಳಿಗೆ ಹೋಗುವವರೂ ಇದ್ದಾರೆ. ಇದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಇದು ರೇಸ್ ಅಲ್ಲ. ಗೆದ್ದವರಿಗೆ ಕಪ್ ಇಲ್ಲ, ಎದುರಿನಿಂದ ಲಾರಿ ಬರುವುದಿಲ್ಲ, ಅಡ್ಡಕ್ಕೆ ದನ ನುಗ್ಗುವುದಿಲ್ಲ. ಕಾರಿನ ಮಿತಿ ಎಲ್ಲಿದೆ, ನಮ್ಮ ಮಿತಿ ಎಲ್ಲಿದೆ ಎಂದು ತಿಳಿಯಲು ಊರಿನ ರಸ್ತೆಗಿಂತ ಸಾವಿರ ಪಾಲು ಸರಿಯಾದ ಜಾಗ ಅದು. ಮೊದಲ ಸಲ ಹೊರಟವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಮನೆಯಲ್ಲಿ ಒಳ್ಳೇ ಬೈಕ್ ಹೆಲ್ಮೆಟ್ ಇದೆ, ಅದೇ ಸಾಲದೆ?’

ಸಾಲದು. ಬೈಕ್ ಹೆಲ್ಮೆಟ್ ಕಳಪೆ ಎಂದು ನಾನು ಹೀಗೆ ಹೇಳುತ್ತಿಲ್ಲ. ಒಂದು ಬಗೆಯ ಅಪಘಾತವನ್ನು ಕಣ್ಣ ಮುಂದೆ ಇಟ್ಟುಕೊಂಡು ಅದನ್ನು ತಯಾರಿಸಿರುತ್ತಾರೆ, ಕಾರಿನೊಳಗೆ ನಡೆಯುವ ಅಪಘಾತವೇ ಬೇರೆ. ಹೆಲ್ಮೆಟ್ ಆರಿಸುವುದೆಂದರೆ ಯಾವ ಅಪಘಾತಕ್ಕೆ ಸಿದ್ಧರಾಗುತ್ತೇವೆ ಎಂದು ಆರಿಸುವುದು.

ಹೆಲ್ಮೆಟ್ ಎಂದಾಗ ನಮ್ಮ ಕಣ್ಣು ಹೊರಗಿನ ಹೊಳೆಯುವ ಚಿಪ್ಪಿನ ಮೇಲೆ ನಿಲ್ಲುತ್ತದೆ. ಫೈಬರ್ ಗ್ಲಾಸೋ ಕಾರ್ಬನ್ ಫೈಬರೋ ಎಂದು ಅಂಗಡಿಯವರೂ ಅದನ್ನೇ ಹೊಗಳುತ್ತಾರೆ. ಆದರೆ ಜೀವ ಉಳಿಸುವ ಕೆಲಸದ ಬಹುಪಾಲು ಅದರ ಒಳಗಿನ ಬೂದು, ಬಿಳಿ ಅಥವಾ ಕಪ್ಪು ಬಣ್ಣದ ಗಟ್ಟಿ ಫೋಮಿನದು. ಅದರ ಹೆಸರು ಎಕ್ಸ್‌ಪ್ಯಾಂಡೆಡ್ ಪಾಲಿಸ್ಟೈರೀನ್. ಟಿವಿ, ಫ್ರಿಜ್‌ಗಳ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲೇ ಅದು, ಇನ್ನಷ್ಟು ಸಾಂದ್ರವಾಗಿ ಎರಕ ಹೊಯ್ದಿರುತ್ತಾರೆ, ಅಷ್ಟೆ. ಅಮೆರಿಕದ ಲೊಂಬಾರ್ಡ್ ಮತ್ತು ರಾತ್ ಎಂಬ ಸಂಶೋಧಕರು ಹೀಗೆ ಪೆಟ್ಟನ್ನು ಹೀರಿಕೊಳ್ಳುವ ಒಳಪದರವಿರುವ ಹೆಲ್ಮೆಟ್‌ಗೆ 1953ರಲ್ಲಿ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಹೆಲ್ಮೆಟ್ ಹೆಚ್ಚಾಗಿ ತಲೆಯನ್ನು ಮುಚ್ಚುತ್ತಿತ್ತು, ಅಷ್ಟೆ. ಪೆಟ್ಟನ್ನು ಸರಿಯಾಗಿ ನುಂಗುವ ಕೆಲಸ ಇಲ್ಲಿಂದ ಶುರುವಾಯಿತು.

ನುಂಗುವುದು ಹೇಗೆ? ಲೆಕ್ಕ ಸುಲಭ. ಮೂರು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ತಲೆಯೊಂದು ಆ ವೇಗದಲ್ಲಿ ಗಟ್ಟಿ ಕಬ್ಬಿಣಕ್ಕೆ ಬಡಿದು ಮೂರೇ ಮಿಲಿಮೀಟರ್ ಅಂತರದಲ್ಲಿ ನಿಂತುಬಿಟ್ಟರೆ, ಅದರ ಮೇಲೆ ಗುರುತ್ವದ ಸಾವಿರ ಪಟ್ಟು, ಅಂದರೆ 1000 ಜಿ ಬಲ ಬೀಳುತ್ತದೆ. ನಡುವೆ ಫೋಮ್ ಇದ್ದು, ಅದು ಜಜ್ಜಿಕೊಳ್ಳುತ್ತ ತಲೆಗೆ ನಿಲ್ಲಲು ಮೂರು ಸೆಂಟಿಮೀಟರ್ ಅವಕಾಶ ಕೊಟ್ಟರೆ ಅದೇ ಬಲ ಸರಾಸರಿ 100 ಜಿಗೆ ಇಳಿಯುತ್ತದೆ. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಬದುಕು ಸಾವಿನ ನಡುವೆ ಇರುವುದು ಆ 2.7 ಸೆಂಟಿಮೀಟರ್. ಫೋಮ್ ತೀರ ಗಟ್ಟಿಯಾದರೆ ಜಜ್ಜುವುದಿಲ್ಲ, ತೀರ ಮೆತ್ತಗಾದರೆ ಕೂಡಲೇ ತಳ ಕಾಣುತ್ತದೆ. ಯಾವ ಪೆಟ್ಟಿಗೆ ಹದಗೊಳಿಸಬೇಕು ಎಂಬುದರಲ್ಲೇ ಹೆಲ್ಮೆಟ್ ತಯಾರಕರ ಜಾಣ್ಮೆಯೆಲ್ಲ ಇದೆ.

ಹೆಲ್ಮೆಟ್ಟಿನ ಪೆಟ್ಟಿನ ಪರೀಕ್ಷೆಯೂ ಹೆಚ್ಚುಕಡಿಮೆ ಇಂಥ ವೇಗದಲ್ಲೇ. ‘ಕಾರು ನೂರೈವತ್ತರಲ್ಲಿ ಹೋಗುವಾಗ 28 ಕಿಲೋಮೀಟರಿನ ಪರೀಕ್ಷೆ ಯಾಕೆ?’ ಎಂದು ಕೇಳುವವರುಂಟು. ತಲೆಗೆ ಲೆಕ್ಕ ಕಾರಿನ ವೇಗದ್ದಲ್ಲ. ಬೆಲ್ಟ್ ಕಟ್ಟಿ ಕೂತವರ ತಲೆ ಕಾರಿನ ಜೊತೆಗೇ ಸಾಗುತ್ತಿರುತ್ತದೆ. ತಲೆಗೂ ಅದು ತಾಗುವ ಕಾರಿನೊಳಗಿನ ಕಂಬಿಗೂ ನಡುವೆ ಆ ಕ್ಷಣದಲ್ಲಿರುವ ವೇಗವೇ ಮುಖ್ಯ.

ಬೈಕ್ ಹೆಲ್ಮೆಟ್ಟಿನ ವಂಶವೃಕ್ಷ ಹಿಡಿದು ಹಿಂದೆ ಹೋದರೆ ಇಂಗ್ಲೆಂಡ್ ಸಿಗುತ್ತದೆ. 1935ರ ಮೇ ತಿಂಗಳಲ್ಲಿ ಟಿ. ಇ. ಲಾರೆನ್ಸ್, ಅಂದರೆ ‘ಲಾರೆನ್ಸ್ ಆಫ್ ಅರೇಬಿಯಾ’, ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಮುಂದೆ ಯುದ್ಧಕಾಲದಲ್ಲಿ ಸೈನ್ಯದ ಬೈಕ್ ಸವಾರರ ಸಾವುಗಳನ್ನು ಅವರು ಅಭ್ಯಾಸ ಮಾಡಿ, ಹೆಲ್ಮೆಟ್ ಎಷ್ಟು ಉಪಯುಕ್ತ ಎಂದು 1941ರಲ್ಲಿ ಪ್ರಕಟಿಸಿದರು. ಆಕ್ಸ್‌ಫರ್ಡ್‌ನಲ್ಲಿ ಅವರ ಜೊತೆಗಿದ್ದ ಭೌತವಿಜ್ಞಾನಿ ಹಾಲ್ಬೋರ್ನ್ ಜೆಲಟಿನ್‌ನಿಂದ ಮಿದುಳಿನ ಮಾದರಿ ಮಾಡಿ, ನೇರ ಪೆಟ್ಟಿಗಿಂತ ತಲೆ ಗಿರ್ರನೆ ತಿರುಗುವುದರಿಂದ ಮಿದುಳಿನ ಎಳೆಗಳಿಗೆ ಹೆಚ್ಚು ಹಾನಿ ಎಂದು 1943ರಲ್ಲಿ ವಾದಿಸಿದರು. ಬೈಕ್ ಸವಾರ ರಸ್ತೆಗೆ ಓರೆಯಾಗಿ ಬಿದ್ದು ಜಾರುತ್ತಾನೆ, ತಲೆ ತಿರುಚಿಕೊಳ್ಳುತ್ತದೆ. ಯುರೋಪಿನ ಇಂದಿನ ಬೈಕ್ ಹೆಲ್ಮೆಟ್ ಮಾನದಂಡ ಇಸಿಇ 22.06ರಲ್ಲಿ ಓರೆ ಪೆಟ್ಟಿನ ಪರೀಕ್ಷೆ ಸೇರಿರುವುದು ಇದೇ ಕಾರಣಕ್ಕೆ. ನಮ್ಮ ಐಎಸ್‌ಐ ಗುರುತಿನ ಐಎಸ್ 4151 ಕೂಡ ದ್ವಿಚಕ್ರ ಸವಾರರಿಗಾಗಿಯೇ ಬರೆದದ್ದು.

ಕಾರಿನ ಹೆಲ್ಮೆಟ್ಟಿನ ಕಥೆ ಕ್ಯಾಲಿಫೋರ್ನಿಯಾದ್ದು. 1956ರಲ್ಲಿ ಪೀಟ್ ಸ್ನೆಲ್ ಎಂಬ ಹವ್ಯಾಸಿ ರೇಸರ್‌ನ ಕಾರು ಮಗುಚಿತು. ತಲೆಯ ಮೇಲೆ ಹೆಲ್ಮೆಟ್ ಇತ್ತು, ಆದರೂ ತಲೆಯ ಗಾಯದಿಂದಲೇ ಅವರು ತೀರಿಕೊಂಡರು. ಸ್ನೇಹಿತರು ಮರುವರ್ಷ ಅವರ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿದರು. ಅದರ ಚುಕ್ಕಾಣಿ ಹಿಡಿದವರು ಜಾರ್ಜ್ ಸ್ನೈವ್ಲಿ ಎಂಬ ವೈದ್ಯರು. 1959ರಲ್ಲಿ ಸ್ನೆಲ್ ಪ್ರತಿಷ್ಠಾನದ ಮೊದಲ ಮಾನದಂಡ ಹೊರಬಂತು. ಇಂದಿಗೂ ಟ್ರ್ಯಾಕಿಗೆ ಹೋಗುವವರು ‘ಎಸ್‌ಎ ಇದೆಯಾ?’ ಎಂದು ಪರಸ್ಪರ ಕೇಳುವುದು ಈ ಪ್ರತಿಷ್ಠಾನದ ಗುರುತನ್ನೇ. ವೃತ್ತಿಪರನೊಬ್ಬನ ಸಾವಿನಿಂದ ಅಲ್ಲ, ನಮ್ಮ ನಿಮ್ಮಂಥ ಹವ್ಯಾಸಿಯೊಬ್ಬನ ಸಾವಿನಿಂದ ಇದು ಹುಟ್ಟಿತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಸ್ನೆಲ್‌ನಲ್ಲಿ ಎಂ ಅಕ್ಷರದ ಹೆಲ್ಮೆಟ್ ಬೈಕಿಗೆ, ಎಸ್‌ಎ ಕಾರಿಗೆ. ಎರಡಕ್ಕೂ ಪೆಟ್ಟಿನ ಪರೀಕ್ಷೆ ಇದೆ. ಆದರೆ ಎಸ್‌ಎಗೆ ಇನ್ನೊಂದು ಪರೀಕ್ಷೆ ಹೆಚ್ಚು: ಮಗುಚಿದಾಗ ಚಾವಣಿ ಕುಸಿಯದಂತೆ ಕಾರಿನೊಳಗೆ ಕಟ್ಟುವ ಪಂಜರದ, ಅಂದರೆ ರೋಲ್ ಕೇಜಿನ, ಕೊಳವೆಯಂಥ ಕಬ್ಬಿಣದ ಮೇಲೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು. ಕಾರಣ ಸ್ಪಷ್ಟ. ಮಗುಚಿದ ಕಾರು ಒಂದೇ ಪಲ್ಟಿಗೆ ನಿಲ್ಲುವುದಿಲ್ಲ. ಬೆಲ್ಟಿನಲ್ಲಿ ಬಿಗಿದು ಕೂತವನ ತಲೆ ಪ್ರತಿ ಪಲ್ಟಿಗೂ ಅದೇ ಕಂಬಿಗೆ ಬಡಿಯುತ್ತದೆ. ಬೈಕ್ ಹೆಲ್ಮೆಟ್ಟಿನ ಫೋಮ್ ಅಲ್ಲಿ ಮೊದಲ ಪೆಟ್ಟಿಗೇ ತೀರಿಹೋಗಿರಬಹುದು. (ರೋಲ್ ಕೇಜ್ ಹಾಕಿಸಿದ ಕಾರನ್ನು ಹೆಲ್ಮೆಟ್ ಇಲ್ಲದೆ ಆಫೀಸಿಗೆ ಓಡಿಸುವವರು ಇದನ್ನು ಓದಿ ಒಂದು ಕ್ಷಣ ಯೋಚಿಸಲಿ.)

ಇನ್ನೊಂದು ವ್ಯತ್ಯಾಸ ಬೆಂಕಿಯದು. ಬೈಕ್ ಸವಾರ ಬೈಕಿನಿಂದ ದೂರ ಎಸೆಯಲ್ಪಡುತ್ತಾನೆ. ಕಾರಿನವನು ಪೆಟ್ರೋಲ್ ಟ್ಯಾಂಕಿನ ಜೊತೆಗೇ ಬಂದಿ. ಬೈಕ್ ಹೆಲ್ಮೆಟ್ಟಿನ ಒಳಬಟ್ಟೆ ಸಾಮಾನ್ಯ ಪಾಲಿಯೆಸ್ಟರ್, ಉರಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಎಸ್‌ಎ ಹೆಲ್ಮೆಟ್ ಬೆಂಕಿಯ ಪರೀಕ್ಷೆಯನ್ನೂ ದಾಟಬೇಕು, ಆದ್ದರಿಂದ ಅದರೊಳಗೆ ನೋಮೆಕ್ಸ್‌ನಂಥ ಬೆಂಕಿ ತಡೆಯುವ ಬಟ್ಟೆ ಇರುತ್ತದೆ. 2020ರ ನವೆಂಬರಿನಲ್ಲಿ ಬಹರೈನ್‌ನಲ್ಲಿ ಫಾರ್ಮುಲಾ ಒನ್ ಚಾಲಕ ರೊಮೆಯ್ನ್ ಗ್ರೋಜಾನ್ ಉರಿಯುವ ಕಾರಿನೊಳಗೆ 28 ಸೆಕೆಂಡ್ ಇದ್ದು ಎದ್ದು ಬಂದರು. ಕೈಗಳು ಸುಟ್ಟಿದ್ದವು, ಮುಖ ಉಳಿದಿತ್ತು.

ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯದ್ದೂ ಮಾನದಂಡಗಳಿವೆ. ಅತಿ ಕಠಿಣವಾದದ್ದು 8860-2018. ಅದರಲ್ಲಿ ಹೆಲ್ಮೆಟ್ಟನ್ನು ಸೆಕೆಂಡಿಗೆ 9.5 ಮೀಟರ್ ವೇಗದಲ್ಲಿ ಬಡಿದರೂ ತಲೆಗೆ 275 ಜಿ ಮೀರಬಾರದು. 225 ಗ್ರಾಂ ಲೋಹದ ಗುಂಡನ್ನು ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಹಾರಿಸುತ್ತಾರೆ. 790 ಡಿಗ್ರಿ ಜ್ವಾಲೆಗೆ ಒಡ್ಡಿ, ಜ್ವಾಲೆ ಸರಿಸಿದ ಮೇಲೆ ತಾನೇ ಆರಬೇಕು ಎನ್ನುತ್ತಾರೆ. 2009ರಲ್ಲಿ ಹಂಗೇರಿಯಲ್ಲಿ ಮುಂದಿನ ಕಾರಿನಿಂದ ಕಳಚಿ ಹಾರಿದ ಸ್ಪ್ರಿಂಗ್ ಫಾರ್ಮುಲಾ ಒನ್ ಚಾಲಕ ಫೆಲಿಪೆ ಮಾಸಾ ಅವರ ಹಣೆಗೆ, ವೈಸರ್‌ನ ಅಂಚಿನಲ್ಲೇ, ಬಡಿದ ಘಟನೆ ಮರೆಯದವರಿಗೆ ಆ ಗುಂಡಿನ ಪರೀಕ್ಷೆ ಯಾಕೆ ಎಂದು ವಿವರಿಸಬೇಕಾಗಿಲ್ಲ. ಆದರೆ ಇದು ಫಾರ್ಮುಲಾ ಒನ್ ಮಟ್ಟದ್ದು, ಬೆಲೆಯೂ ಹಾಗೇ. ಮುಚ್ಚಿದ ಕಾರಿನಲ್ಲಿ ವಾರಾಂತ್ಯ ಕಳೆಯುವವರಿಗೆ ಸ್ನೆಲ್ ಎಸ್‌ಎ ಅಥವಾ ಎಫ್‌ಐಎ 8859-2015 ಬೇಕಾದಷ್ಟಾಯಿತು. ಉಳಿದ ಹಣವನ್ನು ಟೈರು, ಬ್ರೇಕ್ ಪ್ಯಾಡುಗಳಿಗೆ ಹಾಕಿ.

ಇನ್ನು ಕುತ್ತಿಗೆ. ತಲೆ ನಾಲ್ಕೂವರೆ ಕಿಲೋ, ಹೆಲ್ಮೆಟ್ ಒಂದೂವರೆ ಎಂದಿಟ್ಟುಕೊಳ್ಳಿ. 50 ಜಿ ಪೆಟ್ಟಿನಲ್ಲಿ ಹೆಲ್ಮೆಟ್ ಒಂದೇ 75 ಕಿಲೋ ತೂಗುತ್ತದೆ, ಎರಡೂ ಸೇರಿ 300 ಕಿಲೋ. ಆ ಭಾರ ಮುಂದಕ್ಕೆ ಎಳೆಯುವಾಗ ಬೆಲ್ಟು ಎದೆಯನ್ನು ಹಿಡಿದಿರುತ್ತದೆ, ತಲೆಯನ್ನಲ್ಲ. ಬುರುಡೆಯ ಬುಡವೇ ಮುರಿಯುತ್ತದೆ. 2001ರ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಅಮೆರಿಕದ ರೇಸರ್ ಡೇಲ್ ಅರ್ನ್‌ಹಾರ್ಟ್ ಸತ್ತದ್ದು ಬುರುಡೆಯ ಬುಡ ಮುರಿದೇ. ಇದಕ್ಕೆ ಮದ್ದು ಅಷ್ಟರಲ್ಲಾಗಲೇ ಇತ್ತು: ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ಮತ್ತು ರೇಸರ್ ಆಗಿದ್ದ ಅವರ ಭಾವಮೈದುನ ಜಿಮ್ ಡೌನಿಂಗ್ 1980ರ ದಶಕದಲ್ಲಿ ರೂಪಿಸಿದ ಹ್ಯಾನ್ಸ್. ಭುಜದ ಮೇಲೆ ಕೂರುವ ಗಟ್ಟಿ ಕಾಲರ್, ಅದರಿಂದ ಹೆಲ್ಮೆಟ್ಟಿಗೆ ಎರಡು ಪಟ್ಟಿ. 2003ರಿಂದ ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯ. ಹ್ಯಾನ್ಸ್ ಕೆಲಸ ಮಾಡಬೇಕಾದರೆ ಎರಡೂ ಭುಜದ ಮೇಲೆ ಹಾಯುವ ರೇಸಿಂಗ್ ಬೆಲ್ಟ್ ಬೇಕು. ಕಾರಿನ ಮಾಮೂಲಿ ಬೆಲ್ಟಿನ ಜೊತೆ ಅದರಿಂದ ಪ್ರಯೋಜನವಿಲ್ಲ. ಈಗ ಮಾಮೂಲಿ ಬೆಲ್ಟಿನಲ್ಲೇ ಓಡಿಸುವವರೂ ಹ್ಯಾನ್ಸ್ ಕೊಂಡಿಗೆ ತೂತು ಇರುವ ಹೆಲ್ಮೆಟ್ಟನ್ನೇ ಕೊಳ್ಳುವುದು ಒಳ್ಳೆಯದು. ಎರಡು ಹೆಲ್ಮೆಟ್ಟುಗಳ ನಡುವೆ ಮನಸ್ಸು ತೂಗಾಡಿದರೆ ಹಗುರವಾದದ್ದನ್ನು ಆರಿಸಿ.

ಇಷ್ಟೆಲ್ಲ ಸರಿಯಿದ್ದೂ ತಲೆಗೆ ಕೂರದ ಹೆಲ್ಮೆಟ್ ವ್ಯರ್ಥ. ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ. ಹುಬ್ಬಿನಿಂದ ಎರಡು ಬೆರಳು ಮೇಲೆ, ಹಿಂದೆ ತಲೆ ಅತಿ ಹೆಚ್ಚು ಉಬ್ಬಿರುವ ಜಾಗದ ಸುತ್ತ ಅಳತೆ ತೆಗೆಯಿರಿ. ಆ ಸಂಖ್ಯೆ ಶುರು ಮಾಡಲು ಮಾತ್ರ. ಒಂದೇ ಅಳತೆಯ ಇಬ್ಬರಲ್ಲಿ ಒಬ್ಬರದು ದುಂಡು ತಲೆ, ಇನ್ನೊಬ್ಬರದು ಉದ್ದ ತಲೆ ಇರುತ್ತದೆ, ಕಂಪನಿಯಿಂದ ಕಂಪನಿಗೆ ಒಳ ಆಕಾರವೂ ಬೇರೆ. ಗಲ್ಲದ ಪಟ್ಟಿಗಳನ್ನು ಎರಡೂ ಕಡೆ ಅಗಲಿಸಿ ಹಾಕಿಕೊಳ್ಳಿ. ಹಾಕುವಾಗಲೇ ಸ್ವಲ್ಪ ಕಷ್ಟವಾಗಬೇಕು, ಕೆನ್ನೆ ಒತ್ತಿ ಮಾತು ತುಸು ತೊದಲಬೇಕು. ಈಗ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ. ಹಣೆಯ ಚರ್ಮವೂ ಜೊತೆಗೆ ಸರಿದರೆ ಸರಿ. ಚರ್ಮ ನಿಂತಲ್ಲೇ ಇದ್ದು ಹೆಲ್ಮೆಟ್ ಮಾತ್ರ ತಿರುಗಿದರೆ ಅದು ದೊಡ್ಡದು. ಗಲ್ಲದ ಪಟ್ಟಿಯನ್ನು ಡಿ ರಿಂಗಿನಲ್ಲಿ ಬಿಗಿದು, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಲು ಇನ್ನೊಬ್ಬರಿಗೆ ಹೇಳಿ, ಕಳಚಿ ಬರಬಾರದು. ಅಂಗಡಿಯವರು ಬೇಸರಿಸಿದರೂ ಅರ್ಧ ಗಂಟೆ ತೆಗೆಯಬೇಡಿ. ತೆಗೆದ ಮೇಲೆ ಕನ್ನಡಿ ನೋಡಿ: ಹಣೆಯ ನಡುವೆ ಒಂದೇ ಕಡೆ ಕೆಂಪಾಗಿದ್ದರೆ ಆ ಆಕಾರ ನಿಮ್ಮ ತಲೆಯದಲ್ಲ. ಮೆತ್ತೆಗಳು ದಿನ ಕಳೆದಂತೆ ಸ್ವಲ್ಪ ಸಡಿಲಾಗುತ್ತವೆ, ಫೋಮ್ ಸಡಿಲಾಗುವುದಿಲ್ಲ. ಕನ್ನಡಕದವರು ಕನ್ನಡಕ ಹಾಕಿಯೇ ನೋಡಬೇಕು. ಸಾಧ್ಯವಾದರೆ ನಿಮ್ಮ ಕಾರಿನ ಸೀಟಿನಲ್ಲಿ ಕೂತೂ ನೋಡಿ. ಎತ್ತರದವರ ಹೆಲ್ಮೆಟ್ ಚಾವಣಿಗೆ ತಾಗುತ್ತಿದ್ದರೆ ಮೊದಲು ಸೀಟು ಇಳಿಸುವ ದಾರಿ ಹುಡುಕಬೇಕು.

ಮುಖ ತೆರೆದ ಹೆಲ್ಮೆಟ್ ಸೆಕೆಗೆ ಹಿತ, ನಿಜ. ಮುಚ್ಚಿದ ಕಾರಿಗೆ ಅದನ್ನು ಒಪ್ಪುವ ಆಯೋಜಕರೂ ಇದ್ದಾರೆ. ಆದರೆ ಸ್ಟೀರಿಂಗಿಗೆ ದವಡೆ ಬಡಿಯುವುದನ್ನು ನೆನೆದು ನಾನು ಪೂರ್ತಿ ಮುಚ್ಚಿದ್ದನ್ನೇ ಹೇಳುತ್ತೇನೆ.

ಕೊಳ್ಳುವ ಮುನ್ನ ಆಯೋಜಕರ ನಿಯಮ ಕೇಳಿ ತಿಳಿಯಿರಿ; ಒಂದೊಂದು ಕಡೆ ಒಂದೊಂದು ಥರ. ಒಳಬಟ್ಟೆ ಸರಿಸಿ ಸ್ನೆಲ್ ಚೀಟಿ ಇದೆಯೇ, ಅದರಲ್ಲಿ ಎಸ್‌ಎ 2020 ಅಥವಾ ಎಸ್‌ಎ 2025 ಎಂದಿದೆಯೇ ನೋಡಿ. ನಕಲಿ ಚೀಟಿಗಳೂ ಇವೆ, ಆದ್ದರಿಂದ ಆ ಮಾದರಿಯ ಹೆಸರು ಪ್ರತಿಷ್ಠಾನದ ಜಾಲತಾಣದ ಪಟ್ಟಿಯಲ್ಲಿ ಇದೆಯೇ ಎಂದೂ ಪರೀಕ್ಷಿಸಿ. ಬಳಸಿದ ಹೆಲ್ಮೆಟ್ಟನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಜಜ್ಜಿದ ಫೋಮ್ ಮತ್ತೆ ಉಬ್ಬುವುದಿಲ್ಲ, ಹೊರಚಿಪ್ಪು ಏನೂ ಆಗದಂತೆ ಹೊಳೆಯುತ್ತಲೇ ಇರುತ್ತದೆ.

ಥರ್ಮೋಕೋಲ್ ತುಂಡನ್ನು ಪೆಟ್ರೋಲಿಗೆ ಹಾಕಿದರೆ ಹೇಗೆ ಕರಗಿ ಕುಗ್ಗುತ್ತದೆ ಎಂದು ನೋಡಿದವರಿಗೆ ಗೊತ್ತು. ಹೆಲ್ಮೆಟ್ಟಿನ ಫೋಮೂ ಅದೇ ವಸ್ತು. ಪಿಟ್‌ನಲ್ಲಿ ಇಂಧನದ ಕ್ಯಾನಿನ ಪಕ್ಕ ಹೆಲ್ಮೆಟ್ ಇಡಬೇಡಿ, ಥಿನ್ನರ್‌ನಿಂದ ಒರೆಸಬೇಡಿ, ಪೇಂಟ್ ಹೊಡೆಸಬೇಡಿ. ತಲೆಗೆ ಹಚ್ಚುವ ಎಣ್ಣೆ, ಬೆವರು ಕೂಡ ವರ್ಷಗಳಲ್ಲಿ ಒಳಪದರವನ್ನು ಹಾಳುಮಾಡುತ್ತವೆ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇರುವವರು ಹೆಲ್ಮೆಟ್ ಒಳಗೆ ಬಾಲಕ್ಲಾವಾ, ಅಂದರೆ ತಲೆ ಮುಖ ಮುಚ್ಚುವ ಬಟ್ಟೆಯ ಟೋಪಿ, ಹಾಕುವುದು ಒಳ್ಳೆಯದು. ಐದು ವರ್ಷಕ್ಕೆ ಹೆಲ್ಮೆಟ್ ಬದಲಿಸಿ ಎಂಬ ಸ್ನೆಲ್ ಸಲಹೆಯ ಹಿಂದಿರುವುದು ಇಂಥವೇ ಕಾರಣಗಳು.

ಅಪಘಾತದಲ್ಲಿ ಪೆಟ್ಟು ತಿಂದದ್ದನ್ನು ಆ ದಿನವೇ ಬಿಡಬೇಕು. ಹಾಗೆ ಬಿಡುವಾಗ ಗಲ್ಲದ ಪಟ್ಟಿಗಳನ್ನು ಕತ್ತರಿಸಿ ಬಿಸಾಡಿ. ಹೊರಗಿನಿಂದ ಚೆನ್ನಾಗಿ ಕಾಣುವ ಹೆಲ್ಮೆಟ್ಟನ್ನು ನಮ್ಮ ಊರುಗಳಲ್ಲಿ ಯಾರಾದರೂ ಎತ್ತಿಕೊಂಡು ಸ್ಕೂಟರಿಗೆ ಹಾಕಿಕೊಳ್ಳುವುದು ಖಂಡಿತ.